ಕಾರ್ ರೇಸ್ ಟ್ರ್ಯಾಕ್ ಮೇಲೆ ಟ್ರಯಥ್ಲಾನ್: ತಯಾರಿ ಬಗ್ಗೆ ಬರುವ ಫಾರ್ವರ್ಡ್‌ಗಳಲ್ಲಿ ಯಾವುದು ನಿಜ?

ಔರಾದನಿಂದ ಬೀದರಿಗೆ ಹೋಗುವ ರಸ್ತೆಯಲ್ಲಿ ಬೆಳಗಿನ ಐದು ಗಂಟೆಗೆ ಓಡುವ ಹುಡುಗರನ್ನು ನೀವು ನೋಡಿರಬಹುದು. ಕೆಲವರು ಪೊಲೀಸ್ ನೇಮಕಾತಿಗೆ, ಕೆಲವರು ಸೇನಾ ಭರ್ತಿಗೆ ತಯಾರಾಗುವವರು. ಇವರಲ್ಲಿ ಬಹಳ ಮಂದಿ ಹೊಲದ ಬಾವಿಯಲ್ಲಿ ಈಜು ಕಲಿತವರು, ಸೈಕಲ್ ತುಳಿದು ಶಾಲೆಗೆ ಹೋದವರು. ಇಂಥವರ ಮೊಬೈಲಿಗೆ ಒಂದು ದಿನ ಗಲ್ಫ್‌ನಲ್ಲಿರುವ ಗೆಳೆಯನಿಂದ ಒಂದು ವಿಡಿಯೊ ಬರುತ್ತದೆ. ಫಾರ್ಮುಲಾ ಒನ್ ಕಾರುಗಳು ಓಡುವ ಟ್ರ್ಯಾಕ್ ಮೇಲೆ ನೂರಾರು ಜನ ಸೈಕಲ್ ತುಳಿಯುತ್ತಿದ್ದಾರೆ, ಆಮೇಲೆ ಅದೇ ಜನ ಓಡುತ್ತಿದ್ದಾರೆ. "ಈಜು ಬರುತ್ತದೆ, ಸೈಕಲ್ ಬರುತ್ತದೆ, ಓಟವಂತೂ ದಿನಾ ಇದೆ. ನಾವೂ ಮಾಡಬಹುದಲ್ಲ?"

ಖಂಡಿತ ಮಾಡಬಹುದು. ಆದರೆ ಆ ವಿಡಿಯೊದ ಹಿಂದೆಯೇ ಸಲಹೆಗಳೂ ಬರುತ್ತವೆ. ಟ್ರ್ಯಾಕ್ ನುಣುಪಾಗಿದೆ, ಏನೂ ಕಷ್ಟವಿಲ್ಲ. ನೀರು ಎಷ್ಟು ಕುಡಿದರೆ ಅಷ್ಟು ಒಳ್ಳೆಯದು. ಹೆಚ್ಚು ವ್ಯಾಯಾಮ ಮಾಡಿದರೆ ಹೃದಯ ನಿಲ್ಲುತ್ತದೆ. ಇವುಗಳಲ್ಲಿ ಕೆಲವು ಅರ್ಧ ನಿಜ, ಕೆಲವನ್ನು ನಂಬಿದರೆ ಜೀವಕ್ಕೇ ಅಪಾಯ. ಒಂದೊಂದಾಗಿ ನೋಡೋಣ.

ಟ್ರಯಥ್ಲಾನ್ ಎಂದರೆ ಏನು?

ಈಜು, ಸೈಕಲ್, ಓಟ ಇವು ಮೂರನ್ನೂ ಇದೇ ಕ್ರಮದಲ್ಲಿ, ನಡುವೆ ಗಡಿಯಾರ ನಿಲ್ಲಿಸದೆ ಮುಗಿಸುವ ಸ್ಪರ್ಧೆ. ಬಟ್ಟೆ, ಬೂಟು ಬದಲಿಸುವ ಸಮಯವೂ ಲೆಕ್ಕಕ್ಕೆ ಸೇರುತ್ತದೆ.

2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಇದು ಮೊದಲ ಬಾರಿ ಸೇರಿತು. ಒಲಿಂಪಿಕ್ ಅಳತೆ ಹೀಗಿದೆ: 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ಔರಾದನಿಂದ ಬೀದರಿಗೆ ಇರುವ ದೂರ ಹೆಚ್ಚುಕಡಿಮೆ ಆ ಸೈಕಲ್ ಭಾಗದಷ್ಟೇ. ಇದರ ಅರ್ಧ ಅಳತೆಯದು ಸ್ಪ್ರಿಂಟ್: 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಹೊಸಬರು ಶುರು ಮಾಡಬೇಕಾದದ್ದು ಇಲ್ಲಿಂದ.

ಸುದ್ದಿಯಲ್ಲಿ ಕೇಳಿಬರುವ 'ಐರನ್‌ಮ್ಯಾನ್' ಬೇರೆ. ಅದರಲ್ಲಿ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ. 1978ರಲ್ಲಿ ಹವಾಯಿಯಲ್ಲಿ ಮೊದಲ ಸಲ ನಡೆದಾಗ ಹೊರಟವರು 15 ಮಂದಿ, ಮುಗಿಸಿದವರು 12 ಮಂದಿ. ಇದರ ಅರ್ಧ ಅಳತೆಯ 'ಐರನ್‌ಮ್ಯಾನ್ 70.3' ಗೋವಾದಲ್ಲಿ ನಡೆಯುತ್ತದೆ. 2024ರ ಅಕ್ಟೋಬರಿನಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅದನ್ನು ಮುಗಿಸಿದಾಗ ಈ ಹೆಸರು ಕನ್ನಡದ ಮನೆಮನೆಗೂ ಬಂತು.

ಕಾರ್ ಓಡುವ ಟ್ರ್ಯಾಕ್ ಯಾಕೆ?

ಅಬುಧಾಬಿಯ ಯಾಸ್ ಮರೀನಾ ಸರ್ಕ್ಯೂಟ್ ಇದಕ್ಕೆ ಒಳ್ಳೆಯ ಉದಾಹರಣೆ. 2022ರ ನವೆಂಬರಿನಲ್ಲಿ ವಿಶ್ವ ಟ್ರಯಥ್ಲಾನ್ ಚಾಂಪಿಯನ್‌ಷಿಪ್‌ನ ಕೊನೆಯ ಸುತ್ತು ಯಾಸ್ ದ್ವೀಪದಲ್ಲಿ ನಡೆಯಿತು. ಅಮೆರಿಕದ ಡೇಟೋನಾ ಕಾರ್ ರೇಸ್ ಮೈದಾನದ ಒಳಗೇ ಒಂದು ಕೆರೆ ಇದೆ. 2020ರ ಡಿಸೆಂಬರಿನಲ್ಲಿ ವೃತ್ತಿಪರರು ಆ ಕೆರೆಯಲ್ಲಿ ಈಜಿ, ಅಲ್ಲೇ ಸೈಕಲ್ ತುಳಿದು, ಅಲ್ಲೇ ಓಡಿದರು.

ಕಾರಣ ಸರಳ. ಟ್ರ್ಯಾಕ್‌ನಲ್ಲಿ ಲಾರಿ ಇಲ್ಲ, ದನ ಇಲ್ಲ, ಗುಂಡಿ ಇಲ್ಲ. ಊರಿನ ರಸ್ತೆ ಮುಚ್ಚಿಸಬೇಕಾಗಿಲ್ಲ. ಸುತ್ತು ಸುತ್ತು ಹಾಕುವುದರಿಂದ ಯಾರಾದರೂ ಬಿದ್ದರೆ ಆಂಬುಲೆನ್ಸ್ ಬೇಗ ತಲುಪುತ್ತದೆ. ಯಾಸ್ ಟ್ರ್ಯಾಕಿನ ಒಂದು ಸುತ್ತು 5.281 ಕಿ.ಮೀ. ಅಂದರೆ ನಾಲ್ಕು ಸುತ್ತಿಗೆ 21 ಕಿ.ಮೀ. ದಾಟುತ್ತದೆ. ಸುರಕ್ಷತೆಯ ದೃಷ್ಟಿಯಿಂದ ಇದು ಒಳ್ಳೆಯ ಜಾಗವೇ.

ಫಾರ್ವರ್ಡ್ 1: "ಟ್ರ್ಯಾಕ್ ನುಣುಪಾಗಿದೆ, ಆರಾಮಾಗಿ ಮುಗಿಸಬಹುದು"

ಅರ್ಧ ನಿಜ. ರಸ್ತೆ ನುಣುಪಾಗಿದ್ದರೆ ಚಕ್ರ ಸಲೀಸಾಗಿ ಉರುಳುತ್ತದೆ. ಆದರೆ ಸೈಕಲ್ ಸವಾರನಿಗೆ ದೊಡ್ಡ ಎದುರಾಳಿ ಗಾಳಿ. ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ಗಂಟೆಗೆ 25 ಕಿ.ಮೀ. ವೇಗವನ್ನು 30ಕ್ಕೆ ಏರಿಸಿದರೆ ವೇಗ ಹೆಚ್ಚಿದ್ದು ಶೇ 20 ಮಾತ್ರ. ಗಾಳಿಗಾಗಿ ಖರ್ಚಾಗುವ ಶಕ್ತಿ ಮಾತ್ರ ಶೇ 70ಕ್ಕೂ ಹೆಚ್ಚು ಏರುತ್ತದೆ. ನುಣುಪು ರಸ್ತೆಯ ಖುಷಿಯಲ್ಲಿ ಮೊದಲ ಎರಡು ಸುತ್ತು ಜೋರಾಗಿ ತುಳಿದವರಿಗೆ ಓಟದ ಹೊತ್ತಿಗೆ ಕಾಲಲ್ಲಿ ಬಲವೇ ಉಳಿದಿರುವುದಿಲ್ಲ.

ಟ್ರ್ಯಾಕ್ ಬಯಲಿನಲ್ಲಿರುತ್ತದೆ, ಮರ ಇರುವುದಿಲ್ಲ. ಪ್ರತಿ ಸುತ್ತಿನಲ್ಲೂ ಒಂದು ಕಡೆ ಎದುರುಗಾಳಿ, ಇನ್ನೊಂದು ಕಡೆ ಹಿಂಗಾಳಿ. ಎರಡೂ ಸರಿಹೋಗುತ್ತದೆ ಎಂದು ಅನ್ನಿಸಬಹುದು, ಆದರೆ ಸರಿಹೋಗುವುದಿಲ್ಲ. ಎದುರುಗಾಳಿಯಲ್ಲಿ ನಿಧಾನವಾಗುವುದರಿಂದ ಹೆಚ್ಚು ಹೊತ್ತು ಕಳೆಯುವುದೂ ಅದರಲ್ಲೇ.

ಮೂರನೆಯದು ಬಿಸಿಲು. ಕಪ್ಪು ಡಾಂಬರು ಬಿಸಿಲನ್ನು ಹೀರುತ್ತದೆ. ಕಡು ಬೇಸಿಗೆಯ ಮಧ್ಯಾಹ್ನ ಅದರ ಮೇಲ್ಮೈ 60 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಅಬುಧಾಬಿಯಲ್ಲಿ ಇಂಥ ವಿಶ್ವಮಟ್ಟದ ಸ್ಪರ್ಧೆಗಳನ್ನು ಮಾರ್ಚ್, ನವೆಂಬರಿನಂಥ ತಿಂಗಳುಗಳಲ್ಲಿ ಇಟ್ಟದ್ದು ಸುಮ್ಮನೆ ಅಲ್ಲ.

ಫಾರ್ವರ್ಡ್ 2: "ಬಾವಿಯಲ್ಲಿ ಈಜಿದವನಿಗೆ ಕೆರೆ, ಸಮುದ್ರ ಎಲ್ಲ ಒಂದೇ"

ಇದು ಎಲ್ಲಕ್ಕಿಂತ ಅಪಾಯದ ಮಾತು.

ಅಮೆರಿಕದ ಟ್ರಯಥ್ಲಾನ್‌ಗಳಲ್ಲಿ 1985ರಿಂದ 2016ರವರೆಗೆ ಆದ ಸಾವು ಮತ್ತು ಹೃದಯ ಸ್ತಂಭನಗಳನ್ನು ವೈದ್ಯರು ಒಟ್ಟು ಹಾಕಿ ನೋಡಿದರು. 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಒಟ್ಟು 135 ಪ್ರಕರಣಗಳಿದ್ದವು. ಅದರಲ್ಲಿ 90 ಆದದ್ದು ಈಜುವಾಗ. ಜನ ಹೆದರುವುದು ಸೈಕಲ್‌ನಿಂದ ಬೀಳಲು ಅಥವಾ ಓಡುವಾಗ ಕುಸಿಯಲು. ಹೆಚ್ಚು ಜೀವ ಹೋದದ್ದು ಮಾತ್ರ ಎಲ್ಲಕ್ಕಿಂತ ಚಿಕ್ಕದಾದ ಮೊದಲ ಭಾಗದಲ್ಲಿ.

ಯಾಕೆ ಹೀಗೆ? ಬಾವಿಯಲ್ಲಿ ನಾಲ್ಕು ಕೈ ಹೊಡೆದರೆ ಗೋಡೆ ಸಿಗುತ್ತದೆ. 15 ಮೀಟರ್ ಅಗಲದ ದೊಡ್ಡ ಬಾವಿಯಾದರೂ 750 ಮೀಟರ್ ಈಜಲು 50 ಸಲ ದಾಟಬೇಕು, ಅದೂ ಗೋಡೆ ಹಿಡಿಯದೆ. ತೆರೆದ ನೀರಿನಲ್ಲಿ ಹಿಡಿಯಲು ಏನೂ ಇಲ್ಲ, ತಳ ಕಾಣುವುದಿಲ್ಲ, ಸುತ್ತಲಿನವರ ಕೈಕಾಲು ಮುಖಕ್ಕೆ ಬಡಿಯುತ್ತವೆ. ನೀರು ತಣ್ಣಗಿದ್ದರೆ ಒಮ್ಮೆಲೇ ಉಸಿರು ಏದುತ್ತದೆ. ಗಾಬರಿಗೆ ಹೃದಯ ಜೋರಾಗಿ ಬಡಿಯುತ್ತದೆ, ಉಸಿರು ಬಿಗಿ ಹಿಡಿದಾಗ ದೇಹ ಅದನ್ನು ನಿಧಾನ ಮಾಡಲು ನೋಡುತ್ತದೆ. ಈ ಎಳೆದಾಟ ಮೊದಲೇ ತೊಂದರೆಯಿರುವ ಹೃದಯಕ್ಕೆ ಭಾರವಾಗಬಹುದು ಎಂದು ತಜ್ಞರು ಹೇಳುತ್ತಾರೆ.

ಮಾಡಬೇಕಾದದ್ದು: ಮೊದಲು ಈಜುಕೊಳದಲ್ಲಿ ನಿಲ್ಲದೆ ಈಜುವುದನ್ನು ಕಲಿಯಿರಿ. 25 ಮೀಟರ್ ಕೊಳದಲ್ಲಿ 30 ಉದ್ದ ಎಂದರೆ 750 ಮೀಟರ್. ಆಮೇಲೆ ತೆರೆದ ನೀರು, ಅದೂ ತರಬೇತುದಾರರ ಜೊತೆ, ಪಕ್ಕದಲ್ಲಿ ದೋಣಿ ಮತ್ತು ಸೊಂಟಕ್ಕೆ ಕಟ್ಟುವ ತೇಲುಚೀಲ ಇದ್ದಾಗ ಮಾತ್ರ. ವಿಡಿಯೊ ನೋಡಿ ಕಾರಂಜಾ ಜಲಾಶಯಕ್ಕೋ ಮಾಂಜ್ರಾ ನದಿಗೋ ಗೆಳೆಯರೊಂದಿಗೆ ಇಳಿಯುವುದು ತಯಾರಿ ಅಲ್ಲ. ಸ್ಪರ್ಧೆಯಲ್ಲಿ ಗಾಬರಿಯಾದರೆ ಅಂಗಾತ ತಿರುಗಿ ತೇಲಿ, ಕೈ ಎತ್ತಿ. ಸಹಾಯ ಕೇಳಿದರೆ ಅವಮಾನವೇನಿಲ್ಲ.

ಫಾರ್ವರ್ಡ್ 3: "ಹೆಚ್ಚು ವ್ಯಾಯಾಮ ಮಾಡಿದರೆ ಹೃದಯ ನಿಲ್ಲುತ್ತದೆ"

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ಈ ಸಂದೇಶ ಓಡಾಡದ ಗ್ರೂಪ್ ಇರಲಿಲ್ಲ. ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಸಾಲುಗಟ್ಟಿದರು. ಕೆಲವರು ಜಿಮ್ಮನ್ನೇ ಬಿಟ್ಟರು.

ನಿಯಮಿತ ವ್ಯಾಯಾಮ ಹೃದಯ ಕಾಯಿಲೆಯ ಅಪಾಯವನ್ನು ಕಡಿಮೆ ಮಾಡುತ್ತದೆ, ಇದರಲ್ಲಿ ಅನುಮಾನವಿಲ್ಲ. ಮೇಲೆ ಹೇಳಿದ ಅಧ್ಯಯನದಲ್ಲಿಯೂ ಲಕ್ಷ ಸ್ಪರ್ಧಿಗಳಿಗೆ ಎರಡಕ್ಕಿಂತ ಕಡಿಮೆ, 1.74 ಪ್ರಕರಣಗಳಾಗಿವೆ. ಆದರೆ ಫಾರ್ವರ್ಡ್‌ನ ಹಿಂದೆ ಒಂದು ನಿಜದ ತುಣುಕು ಇದೆ. ಮೃತರ ಪೈಕಿ ಮರಣೋತ್ತರ ಪರೀಕ್ಷೆಯ ವರದಿ ಸಿಕ್ಕ 61 ಮಂದಿಯಲ್ಲಿ 27 ಮಂದಿಗೆ ಹೃದಯ ಅಥವಾ ರಕ್ತನಾಳದ ದೋಷ ಇತ್ತು. ಒಳಗೆ ಅಡಗಿರುವ ಕಾಯಿಲೆ ಇದ್ದಾಗ, ಒಮ್ಮೆಲೇ ಮಾಡುವ ಮಿತಿಮೀರಿದ ಶ್ರಮ ಅದನ್ನು ಕೆಣಕಬಹುದು.

ಆದ್ದರಿಂದ 40 ದಾಟಿದವರು, ಬಿಪಿ ಅಥವಾ ಸಕ್ಕರೆ ಕಾಯಿಲೆ ಇರುವವರು, ಬೀಡಿ ಸಿಗರೇಟು ಸೇದುವವರು, ಮನೆಯಲ್ಲಿ ಸಣ್ಣ ವಯಸ್ಸಿನಲ್ಲಿ ಯಾರಾದರೂ ಹಠಾತ್ತಾಗಿ ತೀರಿಕೊಂಡವರು ತಯಾರಿ ಶುರು ಮಾಡುವ ಮೊದಲು ವೈದ್ಯರನ್ನು ಕಾಣಬೇಕು. ಶ್ರಮಪಡುವಾಗ ಎದೆನೋವು, ತಲೆಸುತ್ತು, ಪ್ರಜ್ಞೆ ತಪ್ಪುವುದು ಕಂಡರೆ ವಯಸ್ಸು 20 ಇದ್ದರೂ ಅಲ್ಲಿಗೇ ನಿಲ್ಲಿಸಿ. ಎದೆನೋವಾದವರಿಗೆ ಊರಿನ ಹತ್ತಿರವೇ ಇಸಿಜಿ ಮತ್ತು ತುರ್ತು ಚಿಕಿತ್ಸೆ ಸಿಗಲಿ ಎಂದು ರಾಜ್ಯ ಸರ್ಕಾರ 'ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ' ಯೋಜನೆ ತಂದಿದೆ. "ಗ್ಯಾಸ್ ಇರಬಹುದು" ಎಂದು ಮನೆಯಲ್ಲಿ ಕೂರಬೇಡಿ.

ಫಾರ್ವರ್ಡ್ 4: "ಬಾಯಾರಿಕೆ ಆಗುವ ಮೊದಲೇ ನೀರು ಕುಡಿಯುತ್ತಿರಿ, ಹೆಚ್ಚಾದರೆ ಏನೂ ಆಗದು"

ತಪ್ಪು. ಹೆಚ್ಚಾದರೂ ಅಪಾಯವೇ. ಬೆವರಿನಲ್ಲಿ ಉಪ್ಪು ಹೋಗುತ್ತದೆ. ಆ ಮೇಲೆ ಬರೀ ನೀರನ್ನು ಲೆಕ್ಕವಿಲ್ಲದೆ ಕುಡಿದರೆ ರಕ್ತದಲ್ಲಿನ ಸೋಡಿಯಂ ತೆಳುವಾಗುತ್ತದೆ, ಮಿದುಳು ಊದಿಕೊಳ್ಳಬಹುದು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಮಂದಿಯಲ್ಲಿ ಸೋಡಿಯಂ ಕಡಿಮೆ ಇತ್ತು, ಮೂವರಲ್ಲಿ ಅಪಾಯದ ಮಟ್ಟಕ್ಕೆ ಇಳಿದಿತ್ತು. ಹೆಚ್ಚು ಸಂಬಂಧ ಕಂಡದ್ದು ಓಡುತ್ತಾ ತೂಕ ಹೆಚ್ಚಿಸಿಕೊಂಡವರಲ್ಲಿ, ಅಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದವರಲ್ಲಿ.

ನಿಮ್ಮ ಅಳತೆ ನೀವೇ ಕಂಡುಕೊಳ್ಳಬಹುದು. ಒಂದು ಗಂಟೆ ಅಭ್ಯಾಸಕ್ಕೆ ಮೊದಲು ಮತ್ತು ನಂತರ, ಮೈ ಒರೆಸಿಕೊಂಡು ತೂಕ ನೋಡಿ. ಅರ್ಧ ಕಿಲೊ ಇಳಿದಿದ್ದರೆ ಸುಮಾರು ಅರ್ಧ ಲೀಟರ್ ಬೆವರು ಹೋಗಿದೆ ಎಂದರ್ಥ. ತೂಕ ಏರಿದ್ದರೆ ಹೆಚ್ಚು ಕುಡಿಯುತ್ತಿದ್ದೀರಿ. ಬಾಯಾರಿದಾಗ ಕುಡಿಯುವುದು ಬಹುತೇಕರಿಗೆ ಒಳ್ಳೆಯ ನಿಯಮ. ಉದ್ದದ ಅಭ್ಯಾಸಕ್ಕೆ ಉಪ್ಪಿರುವ ಪಾನೀಯ ಇರಲಿ. ನಮ್ಮ ಕಡೆಯ ಉಪ್ಪು ಹಾಕಿದ ಅಂಬಲಿ, ಮಜ್ಜಿಗೆ ಅಭ್ಯಾಸದ ನಂತರ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಬಿಪಿ, ಕಿಡ್ನಿ ತೊಂದರೆ ಇರುವವರು ಉಪ್ಪಿನ ವಿಷಯದಲ್ಲಿ ವೈದ್ಯರನ್ನು ಕೇಳಲೇಬೇಕು.

ಬಿಸಿಲಿನಲ್ಲಿ ಯಾರಾದರೂ ತೊದಲಿದರೆ, ಗೊಂದಲಗೊಂಡರೆ, ಕುಸಿದರೆ ಅದು ಬಿಸಿಲಾಘಾತ ಇರಬಹುದು. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವ ತನಕ ಮೈಯೆಲ್ಲ ತಣ್ಣೀರು ಸುರಿದು ಗಾಳಿ ಬೀಸಿ. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಫಾರ್ವರ್ಡ್ 5: "ಮೂರನ್ನೂ ಬೇರೆ ಬೇರೆ ಅಭ್ಯಾಸ ಮಾಡಿದರೆ ಸಾಕು"

ಸಾಲದು. ಒಂದು ಗಂಟೆ ಸೈಕಲ್ ತುಳಿದು ಇಳಿದ ಕೂಡಲೇ ಓಡಿ ನೋಡಿ. ಕಾಲು ನಿಮ್ಮದೇ ಅಲ್ಲ ಅನ್ನಿಸುತ್ತದೆ. ತುಳಿಯುವುದಕ್ಕೆ ಒಗ್ಗಿದ ಸ್ನಾಯು ಓಟದ ಲಯಕ್ಕೆ ಬರಲು ಹೊತ್ತು ಬೇಕು. ಅದಕ್ಕೇ ವಾರಕ್ಕೆ ಒಮ್ಮೆಯಾದರೂ ಸೈಕಲ್ ಇಳಿದ ತಕ್ಷಣ ಹತ್ತು ಹದಿನೈದು ನಿಮಿಷ ಓಡುವ ಅಭ್ಯಾಸ ಬೇಕು. ಇದನ್ನು 'ಬ್ರಿಕ್' ಎನ್ನುತ್ತಾರೆ. ಇದಕ್ಕೆ ಟ್ರ್ಯಾಕ್ ಬೇಡ, ಮನೆಯ ಮುಂದಿನ ರಸ್ತೆ ಸಾಕು.

ಔರಾದನಲ್ಲಿದ್ದುಕೊಂಡೇ ತಯಾರಿ ಹೇಗೆ?

ಓಡಿ ರೂಢಿ ಇರುವವರು ಸ್ಪ್ರಿಂಟ್‌ಗೆ ಮೂರು ತಿಂಗಳು ಇಟ್ಟುಕೊಳ್ಳಿ. ಈಜು ಸರಿಯಾಗಿ ಬಾರದವರು ಮೊದಲು ಈಜಿಗೇ ಸಮಯ ಕೊಡಿ. ವಾರಕ್ಕೆ ಎರಡು ದಿನ ಈಜು, ಎರಡು ದಿನ ಸೈಕಲ್, ಎರಡು ದಿನ ಓಟ, ಒಂದು ದಿನ ಪೂರ್ತಿ ವಿಶ್ರಾಂತಿ. ಸಾದಾ ಸೈಕಲ್ ನಡೆಯುತ್ತದೆ, ಬ್ರೇಕ್ ಸರಿಯಿರಲಿ, ಹೆಲ್ಮೆಟ್ ತಪ್ಪದೆ ಇರಲಿ. ಟ್ರ್ಯಾಕ್‌ನ ರೂಢಿಗಾಗಿ ವಾಹನ ಕಡಿಮೆ ಇರುವ ಒಂದು ಸುತ್ತನ್ನು ಆರಿಸಿಕೊಂಡು ಪ್ರತಿ ಸುತ್ತನ್ನೂ ಒಂದೇ ಸಮಯದಲ್ಲಿ ಮುಗಿಸುವುದನ್ನು ಕಲಿಯಿರಿ.

ಬಿಸಿಲಿಗೆ ದೇಹ ಒಗ್ಗಲು ಸುಮಾರು 10ರಿಂದ 14 ದಿನ ಬೇಕು. ಹಾಗೆಂದು ಬೀದರಿನ ಮೇ ತಿಂಗಳ ಮಧ್ಯಾಹ್ನ ಓಡಬೇಡಿ. ಬೆಳಗ್ಗೆ ಶುರು ಮಾಡಿ, ದಿನಕ್ಕೆ ಸ್ವಲ್ಪ ಸ್ವಲ್ಪ ಹೊತ್ತು ಹೆಚ್ಚಿಸಿ. ದಿನನಿತ್ಯಕ್ಕೆ ಜೋಳದ ರೊಟ್ಟಿ, ಬೇಳೆ, ಪಲ್ಯ ಬಹಳ ಒಳ್ಳೆಯ ಊಟ. ಆದರೆ ಸ್ಪರ್ಧೆಯ ಹಿಂದಿನ ರಾತ್ರಿ ನಾರು ಹೆಚ್ಚಿರುವ ಊಟ ಕೆಲವರಿಗೆ ಹೊಟ್ಟೆ ಕೆಡಿಸುತ್ತದೆ. ಅಂದು ಅನ್ನ, ಬಾಳೆಹಣ್ಣಿನಂಥ ಹಗುರ ಊಟ ಇರಲಿ. ಅಭ್ಯಾಸದಲ್ಲಿ ತಿನ್ನದ ಯಾವುದನ್ನೂ ಸ್ಪರ್ಧೆಯ ದಿನ ತಿನ್ನಬೇಡಿ.

ಫಾರ್ವರ್ಡ್ ಮಾಡುವ ಮುನ್ನ

ಟ್ರ್ಯಾಕ್ ಸವಾರನನ್ನು ಲಾರಿಯಿಂದ ಕಾಪಾಡುತ್ತದೆ. ಗೊತ್ತಿಲ್ಲದ ನೀರು, ಬಿಸಿಲು, ಒಳಗಿನ ಕಾಯಿಲೆ, ಆತುರ ಇವುಗಳಿಂದ ಕಾಪಾಡುವುದು ತಯಾರಿ ಮಾತ್ರ. ಮುಂದಿನ ಸಲ ಆ ವಿಡಿಯೊವನ್ನು ತಮ್ಮನಿಗೋ ಗೆಳೆಯನಿಗೋ ಕಳಿಸುವಾಗ ಜೊತೆಗೆ ಒಂದು ಸಾಲು ಸೇರಿಸಿ: "ಹೋಗೋಣ, ಮೊದಲು ಈಜು ಸರಿಯಾಗಿ ಕಲಿಯೋಣ."