ಗುದನಾಳದ ಅರ್ಬುದ: ಕಿರಿಯ ಚಿಕಿತ್ಸೆಯೋ, ಹಿರಿಯ ಚಿಕಿತ್ಸೆಯೋ?

ಮಲದೊಡನೆ ರಕ್ತವು ಕಂಡಿತೆಂದರೆ ಅದು ಮೂಲವ್ಯಾಧಿಯೇ ಎಂದು ನಿಶ್ಚಯಿಸಿ, ಸುವರ್ಣಗೆಡ್ಡೆಯನ್ನೂ ಮಜ್ಜಿಗೆಯನ್ನೂ ನಂಬಿ ತಿಂಗಳುಗಟ್ಟಲೆ ಕಾಲ ಕಳೆಯುವುದು ನಮ್ಮ ಮನೆಗಳಲ್ಲಿ ವಾಡಿಕೆ. ಅನೇಕ ವೇಳೆ ಅದು ಮೂಲವ್ಯಾಧಿಯೇ ಆಗಿರುವುದು. ಕೆಲವು ವೇಳೆ ಮಾತ್ರ ಗುದನಾಳದ ಅರ್ಬುದ, ಎಂದರೆ ಕ್ಯಾನ್ಸರ್, ಆಗಿರುವುದುಂಟು. ಆಗ ಕಾಲವು ಕಳೆದಷ್ಟೂ ಸುಲಭವಾದ ಚಿಕಿತ್ಸೆಯು ಕೈತಪ್ಪುವುದು. ಅದು ಹೇಗೆಂಬುದನ್ನು ಈ ತಿಂಗಳು ವಿಚಾರಮಾಡುವೆವು.

ಇದಕ್ಕೆ ಶಸ್ತ್ರಚಿಕಿತ್ಸೆ ಎರಡು ಬಗೆ. ಗುದದ್ವಾರದ ಮೂಲಕವೇ ಗಂಟನ್ನೂ ಅದರ ಸುತ್ತಣ ಸ್ವಲ್ಪ ಭಾಗವನ್ನೂ ಕತ್ತರಿಸಿ ತೆಗೆಯುವುದು ಕಿರಿಯದು. ಗುದನಾಳವನ್ನು ಸುತ್ತಣ ಕೊಬ್ಬು, ರಸಗ್ರಂಥಿಗಳ ಸಹಿತವಾಗಿ ತೆಗೆಯುವುದು ಹಿರಿಯದು. 1908ರಲ್ಲಿ ಲಂಡನ್ನಿನ ಅರ್ನೆಸ್ಟ್ ಮೈಲ್ಸ್ ಎಂಬವರು ವಿವರಿಸಿದ ಹಿರಿಯ ಕ್ರಮದಲ್ಲಿ ಗುದದ್ವಾರವೂ ಹೋಗಿ, ಜೀವಮಾನವಿಡೀ ಹೊಟ್ಟೆಯ ಮೇಲಣ ರಂಧ್ರದಿಂದಲೇ ಮಲವಿಸರ್ಜನೆಯಾಗಬೇಕಾಗಿತ್ತು. 1982ರಲ್ಲಿ ಇಂಗ್ಲೆಂಡಿನ ಬಿಲ್ ಹೀಲ್ಡ್ ಎಂಬವರು ಕೊಬ್ಬಿನ ಹೊದಿಕೆಯನ್ನು ಹರಿಯದಂತೆ ಇಡಿಯಾಗಿ ಬಿಡಿಸುವ ಕ್ರಮವನ್ನು ಪ್ರಕಟಿಸಿದ ಮೇಲೆ ರೋಗವು ಅದೇ ಸ್ಥಳದಲ್ಲಿ ಮರುಕಳಿಸುವುದು ಬಹಳ ಕಡಮೆಯಾಯಿತು; ಅನೇಕರಿಗೆ ಶಾಶ್ವತ ರಂಧ್ರವೂ ತಪ್ಪಿತು.

ಹಾಗಾದರೆ ಎಲ್ಲರೂ ಕಿರಿಯದನ್ನೇ ಏಕೆ ಆರಿಸಬಾರದು? ಅದರಲ್ಲಿ ನೋವು ಅಲ್ಪ, ಅಪಾಯವೂ ಅಲ್ಪ. ಆದರೆ ರಸಗ್ರಂಥಿಗಳು ಒಳಗೇ ಉಳಿಯುವುವು. ರೋಗವು ನಾಳದ ಒಳಪದರಗಳನ್ನು ಮೀರದಿದ್ದರೂ ನೂರರಲ್ಲಿ ಸುಮಾರು 10 ಮಂದಿಗೆ ಅದು ಗ್ರಂಥಿಗಳನ್ನು ಸೇರಿರುವುದು. ಸ್ನಾಯುಪದರವನ್ನು ಮುಟ್ಟಿದರೆ ಸುಮಾರು 20 ಮಂದಿಗೆ. ಆದುದರಿಂದ ಗಂಟು 3 ಸೆಂಟಿಮೀಟರಿಗಿಂತ ಚಿಕ್ಕದಾಗಿ, ಒಳಪದರಗಳಲ್ಲೇ ನಿಂತು, ಸೌಮ್ಯ ಸ್ವಭಾವದ್ದಾಗಿದ್ದರೆ ಮಾತ್ರ ವೈದ್ಯರು ಕಿರಿಯ ಚಿಕಿತ್ಸೆಗೆ ಸಾಮಾನ್ಯವಾಗಿ ಒಪ್ಪುವರು. ತೆಗೆದ ಗಂಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ರೋಗವು ಆಳಕ್ಕಿಳಿದಿತ್ತೆಂದು ತಿಳಿದರೆ ಹಿರಿಯ ಚಿಕಿತ್ಸೆಯನ್ನೂ ಮಾಡಿಸಿಕೊಳ್ಳಬೇಕಾಗಬಹುದು.

ಗೋಣಿಬೀಡಿನಂತಹ ಮಲೆನಾಡಿನ ಊರಿನವರು ಇನ್ನೊಂದನ್ನು ಆಲೋಚಿಸಬೇಕು. ಕಿರಿಯ ಚಿಕಿತ್ಸೆಯಾದವರು ಕೆಲವು ವರ್ಷಗಳವರೆಗೆ ಮೂರು ನಾಲ್ಕು ತಿಂಗಳಿಗೊಮ್ಮೆ, ಬಳಿಕ ಆರು ತಿಂಗಳಿಗೊಮ್ಮೆ, ಪರೀಕ್ಷೆಗೆ ಹೋಗತಕ್ಕದ್ದು. ಚಾರ್ಮಾಡಿ ಘಟ್ಟವಿಳಿದು ಮಂಗಳೂರಿಗೋ, ಹಾಸನದ ಮಾರ್ಗವಾಗಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಪ್ರಯಾಣಮಾಡುವುದು ಸುಲಭವಲ್ಲ. ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿಯುವುದು. ಕಾಫಿ ಕೊಯ್ಲಿನಲ್ಲಿ ತೋಟ ಬಿಡಲಾಗದು. ಮರುಪರೀಕ್ಷೆಯನ್ನು ತಪ್ಪಿಸುವವರಿಗೆ ಕಿರಿಯ ಚಿಕಿತ್ಸೆಯು ಕಿರಿಯ ಅಪಾಯವಲ್ಲ. ಈ ಮಾತನ್ನು ವೈದ್ಯರ ಮುಂದೆ ಮುಚ್ಚಿಡದೆ ಹೇಳಿ ಅನಂತರ ನಿಶ್ಚಯಿಸುವುದು ಯುಕ್ತ.

ಎಲ್ಲಕ್ಕಿಂತ ಮೊದಲು ಲಜ್ಜೆಯನ್ನು ಬಿಡಬೇಕು. ಗುದನಾಳದ ಕೆಳಭಾಗದ ಗಂಟು ಅನೇಕ ವೇಳೆ ವೈದ್ಯರ ಬೆರಳಿಗೇ ಸಿಕ್ಕುವುದು. ರಕ್ತ ಕಂಡಾಗ, ಮಲಪ್ರವೃತ್ತಿಯ ಕ್ರಮವು ಕಾರಣವಿಲ್ಲದೆ ಬದಲಾದಾಗ, ಗೃಹಿಣಿಯರಾಗಲಿ ಗೃಹಸ್ಥರಾಗಲಿ ಪರೀಕ್ಷೆಗೆ ಹಿಂಜರಿಯಬಾರದೆಂದು ನಮ್ಮ ವಾಚಕರಲ್ಲಿ ವಿಜ್ಞಾಪಿಸುತ್ತೇವೆ. ಎರಡು ಚಿಕಿತ್ಸೆಗಳ ನಡುವೆ ಆರಿಸಿಕೊಳ್ಳುವ ಅವಕಾಶವು ಬೇಗ ಬಂದವರಿಗೆ ಮಾತ್ರ ದೊರೆಯುವುದು.