ಹೆಜ್ಜೆ ಯಾವ ಕಡೆಗಿತ್ತು?

ಊರಿಗಾಂನ ನಾಲ್ವರು ಹುಡುಗರು ಗುಡಾರ ಹೊತ್ತು ಹೋಗಿ ಕಾಮಸಮುದ್ರದ ಕಡೆಯ ಕಾಡಂಚಿನಲ್ಲಿ ಒಂದು ರಾತ್ರಿ ಕಳೆದು ಬಂದರು. ಅಮೆರಿಕದ ‘ಬಿಗ್‌ಫುಟ್’ ಎಂಬ ದೈತ್ಯ ರೋಮಮಾನವನ ಕಾರ್ಯಕ್ರಮಗಳನ್ನು ಟಿ.ವಿ.ಯಲ್ಲಿ ನೋಡಿ ಬೆಳೆದವರು. ಕೆರೆಯಂಗಳದ ಕೆಸರಿನಲ್ಲಿ ಮೂಡಿದ್ದ ಸುಮಾರು ಎರಡಡಿಯ ಹೆಜ್ಜೆಯೊಂದರ ಚಿತ್ರವನ್ನು ನನ್ನ ಮುಂದೆ ಹಿಡಿದರು. ಉದ್ದನೆಯ ಪಾದ, ತುದಿಯಲ್ಲಿ ಬೆರಳುಗಳು!

ನಗಲು ಮನಸ್ಸಾಗಲಿಲ್ಲ. ಮಕಾಲು ಶಿಬಿರದ ಬಳಿ ಹಿಮದಲ್ಲಿ 32 ಅಂಗುಲದ ‘ಯೇತಿ’ ಹೆಜ್ಜೆ ಕಂಡಿತೆಂದು 2019ರ ಏಪ್ರಿಲ್‌ನಲ್ಲಿ ನಮ್ಮ ಸೇನೆಯೇ ಪ್ರಕಟಿಸಿತ್ತು. ಅದಕ್ಕೆ ಸುಮಾರು ಒಂದೂವರೆ ವರ್ಷ ಮೊದಲೇ, ಯೇತಿಯವೆಂದು ಜೋಪಾನ ಮಾಡಿದ್ದ ಒಂಬತ್ತು ಮಾದರಿಗಳ ಡಿಎನ್‌ಎ ಪರೀಕ್ಷೆಯಲ್ಲಿ ಎಂಟು ಕರಡಿಯವು, ಒಂದು ನಾಯಿಯದು ಎಂದು ತಿಳಿದಿತ್ತು. ‘ಬಿಗ್‌ಫುಟ್’ ಎಂಬ ಹೆಸರನ್ನು ಜನಪ್ರಿಯಗೊಳಿಸಿದ 1958ರ ಕ್ಯಾಲಿಫೋರ್ನಿಯಾದ ಹೆಜ್ಜೆಗಳಂತೂ ರೇ ವಾಲೇಸ್ ಎಂಬ ಗುತ್ತಿಗೆದಾರನ ಮರದ ಪಾದಗಳ ಚೇಷ್ಟೆ ಎಂದು, 2002ರಲ್ಲಿ ಆತ ತೀರಿಕೊಂಡ ಮೇಲೆ ಮನೆಯವರೇ ಹೇಳಿದರು.

ನಮ್ಮ ಹುಡುಗರ ಚಿತ್ರದಲ್ಲಿ ಮೋಸವಿರಲಿಲ್ಲ. ಆನೆಯ ಮುಂಗಾಲಿನ ಗುರುತು ದುಂಡು, ಹಿಂಗಾಲಿನದು ಮೊಟ್ಟೆಯಾಕಾರ. ಹಿಂಗಾಲು ಮುಂಗಾಲಿನ ಗುರುತನ್ನು ಅರೆಬರೆ ತುಳಿದರೆ ಎರಡೂ ಕೂಡಿ ಒಂದೇ ನೀಳ ಪಾದವಾಗುತ್ತದೆ. ಉಗುರಿನ ಗುರುತುಗಳು ಬೆರಳಿನಂತೆ ತೋರುತ್ತವೆ. ಮುಂಗಾಲಿನ ಗುರುತಿನ ಸುತ್ತಳತೆಯನ್ನು ಇಮ್ಮಡಿಸಿದರೆ ಹೆಚ್ಚುಕಡಿಮೆ ಆನೆಯ ಭುಜದೆತ್ತರ ಸಿಗುತ್ತದೆ. ರೋಮಮಾನವನ ಕತೆಗಿಂತ ಇದೇನು ಕಡಿಮೆ ಸೋಜಿಗವೇ?

ಆನೆಗಳು 1980ರ ದಶಕದಲ್ಲಿ ಆಂಧ್ರದ ಚಿತ್ತೂರಿನತ್ತ ಹೋಗಿ ನೆಲೆಸತೊಡಗಿದವು. 1990ರಲ್ಲಿ ಅಲ್ಲಿ ಕೌಂಡಿನ್ಯ ಅಭಯಾರಣ್ಯವೂ ಆಯಿತು. ತಮಿಳುನಾಡಿನ ಕಾಡುಗಳಿಂದ ಗಡಿ ದಾಟುವ ಹಿಂಡುಗಳು ಬಂಗಾರಪೇಟೆ ತಾಲ್ಲೂಕಿನ ಹಳ್ಳಿಗಳಿಗೆ ಹೊಸತಲ್ಲ. ರಾಗಿ, ಟೊಮೆಟೊ ಕಳೆದುಕೊಂಡವರಿದ್ದಾರೆ, ಪ್ರಾಣ ತೆತ್ತವರೂ ಇದ್ದಾರೆ. ಆದರೆ 2001ರಲ್ಲಿ ಚಿನ್ನದ ಗಣಿ ಮುಚ್ಚಿದಂದಿನಿಂದ ಊರಿಗಾಂನ ದೃಷ್ಟಿಯೆಲ್ಲ ಬೆಂಗಳೂರಿನ ರೈಲಿನ ಮೇಲೆ. ಪಕ್ಕದ ಹಳ್ಳಿಯ ಸಾವು ನಮಗೆ ಒಳಪುಟದ ನಾಲ್ಕು ಸಾಲಿನ ಸುದ್ದಿ.

ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ನುಗ್ಗುವುದು ಅಪರಾಧವೆಂದು ಹುಡುಗರಿಗೆ ಹೇಳಿದ್ದಾಯಿತು. ಆದರೆ ಬೈದು ಕಳಿಸಿದರೆ ಅವರ ಕುತೂಹಲವೂ ಅಲ್ಲಿಗೇ ಸಾಯುತ್ತದೆ. ಅರಣ್ಯ ಇಲಾಖೆ ಇಂಥವರನ್ನು ಕಾವಲುಗಾರರೊಡನೆ ಹಗಲಲ್ಲಿ ಕರೆದೊಯ್ದು ಹೆಜ್ಜೆ ಓದುವುದನ್ನು ಕಲಿಸಬಾರದೇಕೆ? ಮುಂಜಾನೆ ಕಂಡ ಗುರುತು ಸಂಜೆಯೊಳಗೆ ಹಳ್ಳಿಗಳಿಗೆ ಮುಟ್ಟಿದರೆ ಹೊಲಕಾಯುವವರು ಎಚ್ಚರವಾಗಿರುತ್ತಾರೆ.

ಚಿತ್ರವನ್ನು ಆ ಭಾಗದ ಪರಿಚಿತ ರೈತರೊಬ್ಬರಿಗೆ ತೋರಿಸಿದೆವು. ಆನೆಯೋ ಅಲ್ಲವೋ ಎಂಬ ಚರ್ಚೆಯೇ ಅವರಿಗೆ ಬೇಕಿರಲಿಲ್ಲ.

‘ಉಗುರು ಯಾವ ಕಡೆಗಿತ್ತಪ್ಪಾ, ಕಾಡಿನ ಕಡೆಗೋ ಊರಿನ ಕಡೆಗೋ?’ ಎಂದರು.

ಹುಡುಗರು ಅದನ್ನು ಗಮನಿಸಿರಲಿಲ್ಲ.