ಮಾಫಿ ಯಾರ ಮನೆಗೆ ಮುಟ್ಟಬೇಕು?

ಹೋದ ಸುಗ್ಗಿಯಲ್ಲಿ ನಮ್ಮ ಬದುವಿಗೆ ಹತ್ತಿದ ಹೊಲದ ಹಿರಿಯರೊಬ್ಬರು ಸಾತಬಾರಾ ಉತಾರ ಹಿಡಿದುಕೊಂಡು ಮನೆಗೆ ಬಂದರು. ‘ತಮ್ಮಾ, ಎರಡು ಎಕರೆ ನೀನ ತಗೋ. ಸ್ಟಾಂಪ್ ಕಾಗದದ ಮ್ಯಾಲ ಬರದು ಕೊಡತೀನಿ. ಮಗಗ ಎರಡು ಖೋಲಿ ಮನಿ ಕಟ್ಟಬೇಕು’ ಅಂದರು. ಹೇಳಿದ ಬೆಲೆ ಬಾಜಾರದ ಕಾಲು ಭಾಗ. ಖರೆ ಹೇಳುತ್ತೇನೆ, ಆ ರಾತ್ರಿ ನನಗೂ ಆಸೆಯಾಯಿತು.

ಹೊಲ ಅಷ್ಟು ಅಗ್ಗವಾಗಲು ಕಾರಣ ಉತಾರದ ಮೇಲಿನ ಒಂದು ಸಾಲು: ‘ಭೋಗವಟದಾರ ವರ್ಗ-2’. ಭೂಮಿಹೀನ ದಲಿತ ಕುಟುಂಬಕ್ಕೆ ಸರಕಾರ ಕೊಟ್ಟ ನೆಲ ಅದು. ಉಣ್ಣಬಹುದು, ಉಳಬಹುದು, ಮಾರಬೇಕಾದರೆ ಜಿಲ್ಲಾಧಿಕಾರಿಯ ಪರವಾನಗಿ ಬೇಕು, ನಜರಾಣಾ ತುಂಬಬೇಕು. ಇದು ಬಡವನ ನೆಲಕ್ಕೆ ಹಾಕಿದ ಬೇಲಿ. ಬೇಲಿ ಬೇಕು. ಆದರೆ ಒಳಗಿದ್ದವನಿಗೇ ಮನೆ ಕಟ್ಟಲು ಆಗದಿದ್ದರೆ ಅದು ಬೇಲಿಯಲ್ಲ, ಕೊಂಡವಾಡ.

ನಮ್ಮ ಕೊಲ್ಲಾಪುರ ಸೀಮೆಗೆ ಇದು ಹೊಸ ಮಾತಲ್ಲ. ಶಾಹೂ ಮಹಾರಾಜರು 1918ರಲ್ಲೇ ಮಹಾರ ವತನ ತೆಗೆದು ಜಮೀನನ್ನು ರಯತಾವ ಮಾಡಿದರು. ಬಿಟ್ಟಿ ಚಾಕರಿಯ ಹಗ್ಗ ಹರಿಯಿತು. ಮುಂಬಯಿ ಶಾಸನಸಭೆಯಲ್ಲಿ ಬಾಬಾಸಾಹೇಬ ಅಂಬೇಡಕರರು 1928ರಲ್ಲಿ ಮಸೂದೆ ತಂದರೂ, ಅಲ್ಲಿ ವತನ ರದ್ದಾಗಲು 1958ರ ಕಾಯದೆ ಬರಬೇಕಾಯಿತು. ಆ ವತನ ಜಮೀನನ್ನು ಬೇಸಾಯ ಬಿಟ್ಟು ಬೇರೆ ಉಪಯೋಗಕ್ಕೆ ತಿರುಗಿಸಿದರೆ ಬಾಜಾರ ಬೆಲೆಯ ಅರ್ಧದಷ್ಟು ನಜರಾಣಾ. ಕೂಲಿ ಮಾಡಿ ಉಣ್ಣುವವನು ಎಲ್ಲಿಂದ ತಂದಾನು?

ಇನ್ನೊಂದು ಕಡೆ ನೋಡಿರಿ. 2025ರಲ್ಲಿ ಪುಣೆಯ ಮುಂಢವಾದಲ್ಲಿ ಸುಮಾರು 40 ಎಕರೆ ಮಹಾರ ವತನ ಜಮೀನಿಗೆ 300 ಕೋಟಿ ರೂಪಾಯಿಯ ಖರೀದಿಪತ್ರವಾಯಿತು; ತುಂಬಿದ ಮುದ್ರಾಂಕ ಶುಲ್ಕ 500 ರೂಪಾಯಿ ಎಂದು ಪತ್ರಿಕೆಗಳಲ್ಲಿ ಬಂತು. ಗುಲ್ಲೆದ್ದ ಮೇಲೆ ತನಿಖೆಗೆ ಹಚ್ಚಿದರು. ಮಾಫಿ ಕೇಳಿದವರು ಕೊಳ್ಳುವವರು, ವತನದಾರರಲ್ಲ.

ದೂರದ ಕೆನಡಾದಲ್ಲೂ ಇದೇ ಗಂಟು. ಅಲ್ಲಿಯ ಇಂಡಿಯನ್ ಕಾಯದೆಯ 87ನೇ ಕಲಮಿನಂತೆ ಮೀಸಲು ನೆಲದ ಮೇಲಿನ ಮೂಲನಿವಾಸಿಗಳ ಆಸ್ತಿಗೆ ತೆರಿಗೆ ಮಾಫಿ. ಆದರೆ 89ನೇ ಕಲಮಿನಂತೆ ಹೊರಗಿನವರು ಅದನ್ನು ಅಡವು ಹಿಡಿಯುವಂತಿಲ್ಲ. ಹೀಗಾಗಿ ಮನೆ ಸಾಲಕ್ಕೆ ಅನೇಕ ಸಲ ಸರಕಾರವೇ ಜಾಮೀನು ನಿಲ್ಲುತ್ತದೆ. ಮಾಫಿಯೊಂದೇ ಮನೆ ಕಟ್ಟುವುದಿಲ್ಲ ಎಂಬುದು ಅವರಿಗೆ ತಿಳಿದಿದೆ.

ನನ್ನ ಮನೆಯಲ್ಲಿ ತೆಲುಗು, ಗಡಹಿಂಗ್ಲಜ ಸಂತೆಯಲ್ಲಿ ಕನ್ನಡ, ತಲಾಠಿ ಚಾವಡಿಯಲ್ಲಿ ಮರಾಠಿ. ಮೂರರಲ್ಲೂ ‘ಮಾಫಿ’ ಎಂಬ ಶಬ್ದ ಒಂದೇ. ಅದು ನೆಲದ ಬೆಲೆಗೆ ಅಂಟಬಾರದು, ನೆಲದ ಮೇಲೆ ಬಾಳುವ ಕುಟುಂಬಕ್ಕೆ ಅಂಟಬೇಕು. ಮೂಲ ಕುಟುಂಬ ತನ್ನ ವಾಸಕ್ಕೆ ಮನೆ ಕಟ್ಟಿದರೆ ನಜರಾಣಾ ಬಿಡಲಿ, ಕೆಲವು ವರ್ಷ ಘರಪಟ್ಟಿಯನ್ನೂ ಬಿಡಲಿ. ಹೊರಗಿನವರು ಕೊಂಡರೆ ಒಂದು ಪೈಸೆಯನ್ನೂ ಬಿಡಬಾರದು.

ಇಚಲಕರಂಜಿಯಿಂದ ಸಂಕೇಶ್ವರದವರೆಗಿನ ವ್ಯಾಪಾರಸ್ಥ ಬಂಧುಗಳಿಗೂ ಒಂದು ಮಾತು. ಸ್ಟಾಂಪ್ ಕಾಗದದ ಮೇಲೆ ಇಂಥ ನೆಲ ಹಿಡಿಯಬೇಡಿರಿ. ಗಡಿ ದಾಟಿದರೂ ತಪ್ಪಿಸಿಕೊಳ್ಳಲಾಗದು: ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಪರವಾನಗಿಯಿಲ್ಲದೆ ಕೊಂಡರೆ ಕರ್ನಾಟಕದ 1978ರ ಕಾಯದೆ ಅದನ್ನು ಮೂಲದವರಿಗೆ ಮರಳಿಸುತ್ತದೆ, ಅರ್ಜಿ ಹಾಕಲು ಇದ್ದ ಕಾಲಮಿತಿಯ ಅಡ್ಡಿಯನ್ನೂ 2023ರ ತಿದ್ದುಪಡಿ ತೆಗೆದಿದೆ.

ಮರುದಿನ ಹಿರಿಯರ ಕೈಗೆ ಉತಾರ ಮರಳಿ ಕೊಟ್ಟೆ. ಮಹಾರಾಷ್ಟ್ರ ಜಮೀನು ಮಹಸೂಲ ಸಂಹಿತೆಯ 36ನೇ ಕಲಮಿನಂತೆ ವರ್ಗ-2ರ ನೆಲವನ್ನೂ ಸಾಲಕ್ಕಾಗಿ ಬ್ಯಾಂಕಿಗೆ, ಸಹಕಾರಿ ಸಂಘಕ್ಕೆ ಅಡವಿಡಲು ಬರುತ್ತದೆ. ಅದನ್ನೇ ಬರೆದು ಇಬ್ಬರೂ ಕೂಡಿ ಅರ್ಜಿ ಕೊಟ್ಟು ಬಂದೆವು. ‘ನೋಡೋಣ’ ಅಂದರು ಸಾಹೇಬರು. ನೋಡುತ್ತಲೇ ಇದ್ದಾರೆ. ಈ ಮಳೆಗಾಲವೂ ಹಿರಿಯರು ತಗಡಿನ ಕೆಳಗೇ ಕಳೆದರು. ಆದರೆ ನೆಲ ಇನ್ನೂ ಅವರದೇ ಹೆಸರಿನಲ್ಲಿದೆ.